ಜಾಹೀರಾತಿಗೆ ಆಯೇರಿ

ನನ್ನ ವೆಬ್‌ಸೈಟಿನಲ್ಲಿ ಹುರುಳಿಲ್ಲ ಎಂದು ಜಾಹೀರಾತು ಕಂಪನಿಯವರು ನನ್ನ ಅರ್ಜಿ ತಿರಸ್ಕರಿಸಿದ್ದು ತಪ್ಪು. ಕುಲಗೋಡದಲ್ಲಿ ಬಸ್ಸು ನಿಲ್ಲುವುದಿಲ್ಲ ಎಂಬುದು ಹುರುಳಿಲ್ಲದ ಸುದ್ದಿಯಾದರೆ, ಅವರೇ ಒಂದು ದಿನ ಅಲ್ಲಿ ಬಸ್ಸಿಗೆ ಕಾದು ನೋಡಲಿ. ನ್ಯಾಯ ಕೇಳಲು ಹೋದಾಗಲೆಲ್ಲ ನನಗೆ ಇಂಥದ್ದೇ ಆಗುತ್ತದೆ.

ಮೂಡಲಗಿಯಿಂದ ನಾನೊಬ್ಬನೇ ನಡೆಸುವ, ಸುತ್ತಲಿನ ಊರುಗಳ ಸುದ್ದಿಯ ವೆಬ್‌ಸೈಟು ಅದು. ಕಂಪನಿ ಒಪ್ಪಿದರೆ ಅವರ ಜಾಹೀರಾತಿನಿಂದ ಖರ್ಚು ನಡೆಯುತ್ತದೆ. ಒಪ್ಪದಿದ್ದರೆ ಮುಖಂಡರೊಬ್ಬರು ಕಾದು ಕೂತಿದ್ದಾರೆ. ಅವರ ಹುಟ್ಟುಹಬ್ಬದ ಫೋಟೋ ವರ್ಷವಿಡೀ ಹಾಕಿದರೆ ಖರ್ಚೆಲ್ಲ ಅವರದಂತೆ. ಆ ಫೋಟೋದ ಕೆಳಗೆ ಅವರೇ ಮಾಡಿಸಿದ ರಸ್ತೆಯ ತಗ್ಗುಗಳ ಬಗ್ಗೆ ಹೇಗೆ ಬರೆಯಲಿ?

೧. ಧರಣಿ

ಅರ್ಜಿ ತಿರಸ್ಕಾರವಾದರೆ ನನಗೆ ಗೊತ್ತಿರುವುದು ಒಂದೇ ದಾರಿ, ಧರಣಿ. ಆದರೆ ಕಂಪನಿಗೆ ನಮ್ಮ ಕಡೆ ಬಾಗಿಲೇ ಇಲ್ಲ. ಹಾಗಾಗಿ ಅರ್ಜಿ ತುಂಬಿದ ಗೋಕಾಕದ ಕಂಪ್ಯೂಟರ್ ಅಂಗಡಿಯ ಮುಂದೆ ಆರು ಜನ ಕೂತೆವು. ಅಂಗಡಿಯ ಕಾಕಾ ಮೊದಲು ಬೈದರು. ಗಿರಾಕಿಗಳು ಬಾರದೆ ಬೇಸರವಾಗಿ, ಚಹಾ ತರಿಸಿ ನಮ್ಮ ಪಕ್ಕದಲ್ಲೇ ಕೂತರು. ಮಧ್ಯಾಹ್ನದ ಹೊತ್ತಿಗೆ ಅವರ ಘೋಷಣೆಯೇ ಎಲ್ಲರಿಗಿಂತ ಜೋರಾಗಿತ್ತು.

ಕೊನೆಗೆ ಮನವಿ ಪತ್ರ ಕೊಡಬೇಕಲ್ಲ, ತೆಗೆದುಕೊಳ್ಳುವವರು ಯಾರು? ಕಾಕಾ ಎದ್ದು ಅಂಗಿ ಸರಿಮಾಡಿಕೊಂಡು, ಎರಡೂ ಕೈಯಿಂದ ಪತ್ರ ಹಿಡಿದು ಫೋಟೋಕ್ಕೆ ನಿಂತರು. ನಂತರ ಗಂಭೀರವಾಗಿ ಹೇಳಿದರು: "ಮ್ಯಾಲಿನವರ ಗಮನಕ್ಕ ತರ್ತೀನಿ."

೨. ಗುಟ್ಟು

ಮರುದಿನ ಕಾಕಾ ಕಂಪನಿಯ ನಿಯಮಗಳನ್ನೆಲ್ಲ ಓದಿ, ಓದುಗರ ಗುಟ್ಟು ಕಾಪಾಡುತ್ತೇವೆ ಎಂಬ ಪುಟವೊಂದು ಕಡ್ಡಾಯ ಎಂದು ಕಂಡುಹಿಡಿದರು. ನಾನು ಅದನ್ನು ಬರೆದು ಹುಕ್ಕೇರಿಯ ನಿವೃತ್ತ ಮಾಸ್ತರರಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿಕೊಂಡು ನನ್ನ ಮೊಬೈಲನ್ನು ಮೇಲಿಂದ ಕೆಳಗೆ ಎಳೆದರು.

"ಘೋಡಗೇರಿಯಾಗ ನೀರು ಬಿಡಾಂವ ಮೊದಲ ತನ್ನ ಮಾವನ ಓಣಿಗೆ ಬಿಡ್ತಾನ ಅಂತ ಮ್ಯಾಲೆ ಬರದೀ. ಕೆಳಗ ಗುಟ್ಟು ಕಾಯ್ತೇನಿ ಅಂತೀ."

ಅದು ಓದುಗರ ಗುಟ್ಟು, ನೀರು ಬಿಡುವವನದಲ್ಲ ಎಂದೆ.

"ಅಂವ ಓದಂಗಿಲ್ಲೇನು?"

"ಎಲ್ಲಾರಕಿಂತ ಮೊದಲ ಅಂವನ ಓದ್ತಾನ್ರಿ, ಸರ."

ಮಾಸ್ತರರು ಮೊಬೈಲು ವಾಪಸು ಕೊಟ್ಟರು.

೩. ಹನ್ನೊಂದು

ಏನೇ ಆಗಲಿ, ಆ ಪುಟ ಸೇರಿಸಿ ಮತ್ತೆ ಅರ್ಜಿ ಹಾಕಿದಾಗ ಕಂಪನಿ ಒಪ್ಪಿತು. ಮುಖಂಡರ ಫೋಟೋ ಬೇಡವೆಂದು ಎದೆಯುಬ್ಬಿಸಿ ಹೇಳಿ ಕಳಿಸಿದೆ. ಆಮೇಲೆ ನಾನೊಂದು ತಪ್ಪು ಮಾಡಿದೆ. ಇದರಿಂದ ನಿನಗೇನು ಬರುತ್ತದೆ ಎಂದು ಕುಲಗೋಡದ ಸೋದರತ್ತೆ ಕೇಳಿದಾಗ, ಯಾರಾದರೂ ಜಾಹೀರಾತು ಒತ್ತಿದರೆ ಅಷ್ಟಿಷ್ಟು ಬರುತ್ತದೆ ಎಂದುಬಿಟ್ಟೆ.

ಬಸ್ಸಿಗಾಗಿ ಹೋರಾಡಿದವನ ಮನೆಯ ಶುಭಕಾರ್ಯಕ್ಕೆ ಕುಲಗೋಡದವರು ಬರಿಗೈಲಿ ಬರುತ್ತಾರೆಯೇ? ಮದುವೆಗೆ ಆಯೇರಿ, ಅಂದರೆ ಉಡುಗೊರೆ, ಕೊಡುವ ಹಾಗೆ ಓಣಿಯವರೆಲ್ಲ ಜಾಹೀರಾತು ಒತ್ತಿದರು. ಕೂದಲೆಣ್ಣೆ, ವಿಮಾನದ ಟಿಕೆಟ್ಟು, ಕಂಡದ್ದೆಲ್ಲ. ಆಯೇರಿ ಎಂದಮೇಲೆ ಹತ್ತಕ್ಕೆ ನಿಲ್ಲಿಸುವಂತಿಲ್ಲ. ಒಬ್ಬರು ಹನ್ನೊಂದು, ಒಬ್ಬರು ಇಪ್ಪತ್ತೊಂದು. ಸೋದರತ್ತೆಯದು ತೌರಿನ ಮರ್ಯಾದೆಯ ಪ್ರಶ್ನೆ, ನೂರಾ ಒಂದು. ಮದುವೆಯಲ್ಲಿ ಮೈಕಿನಲ್ಲಿ ಕೂಗುವಂತೆ ವಾಟ್ಸಾಪಿನಲ್ಲಿ ಎಲ್ಲರ ಹೆಸರನ್ನೂ ಕೂಗಿದರು.

ಮೂರನೇ ದಿನ ಕಂಪನಿ ಜಾಹೀರಾತು ನಿಲ್ಲಿಸಿತು. ಬೇಕೆಂದೇ ಒತ್ತಿಸಿದ್ದೀರಿ, ವಿವರಣೆ ಕೊಡಿ ಎಂದಿತು. ನಾನು ಸಿಟ್ಟಿನಲ್ಲಿ ಸೋದರತ್ತೆಗೆ ಫೋನು ಮಾಡಿದೆ. ಆಕೆಗೆ ನನಗಿಂತ ಸಿಟ್ಟು ಬಂತು.

"ಕೊಟ್ಟ ಆಯೇರಿ ಒಲ್ಲೆ ಅಂತಾರಂದ್ರ ಎಂಥಾ ಮಂದಿಪಾ ಅವರು? ಅವರ ಮನ್ಯಾಗ ಲಗ್ನ ಆಗಂಗಿಲ್ಲೇನು? ಹೆಂಗ ಮಾಡ್ತಾರೋ ನಾನೂ ನೋಡ್ತೇನಿ."

ವಿವರಣೆ ಬರೆದು ಕಳಿಸಿದ್ದೇನೆ. ಆಯೇರಿ ಎಂದರೇನು ಎಂದು ತಿಳಿಸುವುದಕ್ಕೇ ಎರಡು ಪುಟವಾಯಿತು. ಸುದ್ದಿ ತಿಳಿದ ಮುಖಂಡರು ಈ ಸಲ ಹಾರ ಹಾಕಿಕೊಂಡ ಇನ್ನೂ ದೊಡ್ಡ ಫೋಟೋ ಕಳಿಸಿದ್ದಾರೆ.

ಆದ್ದರಿಂದ, ಗೋಕಾಕ, ಮೂಡಲಗಿ, ಹುಕ್ಕೇರಿಯ ಮಹಾಜನರೇ, ಜಾಹೀರಾತು ಮತ್ತೆ ಬಂದರೆ ನನ್ನ ವೆಬ್‌ಸೈಟು ದಿನವೂ ಓದಿ. ತಪ್ಪಿದ್ದರೆ ಬೈಯಿರಿ. ಆದರೆ ನನ್ನ ಮೇಲಿನ ಪ್ರೀತಿಗೆ ಯಾರೂ ಒತ್ತಬೇಡಿ. ಹನ್ನೊಂದೂ ಬೇಡ, ಒಂದೂ ಬೇಡ. ಕೈ ಹಿಂದೆ ಕಟ್ಟಿಕೊಂಡು ಓದಿ. ಸೋದರತ್ತೀ, ನಿನಗೂ ಹೇಳಿದ್ದು.