ಅವ್ವನ ನಾಂತ್ ಪ್ರವಾಸ

ಕೆಲವರು ಬಾದಾಮಿಯಿಂದ ಬಾಗಲಕೋಟೆಗೆ ಹೋಗಿ ಸುಮ್ಮನೆ ತಿರುಗಿ ಬರುತ್ತಾರೆ. ನಮ್ಮ ಮನೆಯವರಿಗೆ ಅದು ಆಗಿಬಂದಿಲ್ಲ. ಹೊಸ್ತಿಲು ದಾಟಿದರೆ ಸಾಕು, ನಾಲ್ಕು ಮಂದಿ ನಗುವಂಥದ್ದು ಒಂದು ಆಗಿಯೇ ತೀರುತ್ತದೆ. ಅವ್ವನಿಗಂತೂ ಹೊಸ್ತಿಲು ದಾಟುವುದೂ ಬೇಕಿರಲಿಲ್ಲ. ಮೊನ್ನೆ ಟ್ರಂಕು ತೆಗೆದಾಗ ಅವಳ ಪಾಸ್‌ಪೋರ್ಟ್ ಸಿಕ್ಕಿತು. ಒಂದೂ ಠಸ್ಸೆ ಬೀಳದ ಪಾಸ್‌ಪೋರ್ಟ್. ಅವ್ವ ಈಗಿಲ್ಲ. ಅದನ್ನು ಹಿಡಿದು ಒಬ್ಬನೇ ಕುಳಿತು ನಕ್ಕೆ, ಆಮೇಲೆ ಕಣ್ಣೊರೆಸಿಕೊಂಡೆ.

ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಬಾದಾಮಿಯ ಹೈಸ್ಕೂಲಿನಲ್ಲಿ ಭೂಗೋಳದ ಮಾಸ್ತರ. ಗುಹೆ ನೋಡಲು ಬಂದ ಫ್ರಾನ್ಸಿನ ಒಬ್ಬ ಟೀಚರು ಹೊಟ್ಟೆ ಕೆಟ್ಟು ನಮ್ಮ ಮನೆಯಲ್ಲಿ ಎಂಟು ದಿನ ಮಲಗಿದಳು. ಅವ್ವ ಗಂಜಿ, ಮಜ್ಜಿಗೆ ಕುಡಿಸಿ ಎಬ್ಬಿಸಿದಳು. ನಾನು ಕನ್ನಡ ಕಲಿಸಿದೆ. ಬಾ, ಬರ್ತೇನಿ, ಹೋಗು, ಹೋಗ್ತೇನಿ, ಎಲ್ಲವನ್ನೂ ಅವಳು ಅರ್ಥಸಮೇತ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಹೊರಡುವಾಗ "ನೀವೂ ನಮ್ಮೂರಿಗೆ ಬಂದು ಎಂಟು ದಿನ ಇರಬೇಕು" ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಅವಳ ಊರು ನಾಂತ್, ಫ್ರಾನ್ಸಿನ ಪಶ್ಚಿಮಕ್ಕಿದೆ. ಇಂಥ ಉಪಚಾರದ ಮಾತನ್ನು ಯಾರೂ ಗಂಟು ಹಾಕಿಕೊಳ್ಳುವುದಿಲ್ಲ. ಅವ್ವ ಹಾಕಿಕೊಂಡಳು.

"ಕರದವ್ರ ಮನಿಗೆ ಹೋಗಲಿಲ್ಲಂದ್ರ ಆ ಹುಡುಗಿ ಏನ ತಿಳ್ಕೋಬೇಕು? ಒಮ್ಮೆ ಹೋಗಿ ಬರೂನು" ಎಂದಳು, ಹುನಗುಂದಕ್ಕೆ ಹೋಗಿಬರುವಷ್ಟೇ ಸರಳವಾಗಿ.

೧. ಇಲಿ ಹೋಗಿ ಬಂದ ಊರು

ಮೊದಲು ಊರು ಎಲ್ಲಿದೆ ತೋರಿಸು ಎಂದು ಅವ್ವ ಹೈಸ್ಕೂಲಿಗೇ ಬಂದಳು. ಯುರೋಪಿನ ನಕಾಶೆ ಬಿಚ್ಚಿ ಗೋಡೆಗೆ ತೂಗುಹಾಕಿಸಿದೆ. ಜರ್ಮನಿ ಇತ್ತು, ಇಟಲಿ ಇತ್ತು, ಫ್ರಾನ್ಸಿನ ಪೂರ್ವಭಾಗವೂ ಇತ್ತು. ಪಶ್ಚಿಮ ಮಾತ್ರ ಇಲಿಯ ಪಾಲಾಗಿತ್ತು. ಮರ್ಯಾದೆ ಬಿಡಲಾಗದೆ ತೂತಿನೊಳಗೆ ಬೆರಳಿಟ್ಟು, "ಇಲ್ಲೇ ಐತಿ ನೋಡವಾ" ಎಂದೆ.

ಅವ್ವ ಬಗ್ಗಿ ನೋಡಿದಳು. "ಗ್ವಾಡಿ ಕಾಣಾಕತ್ತೈತಲ್ಲೋ!"

ಪಕ್ಕದಲ್ಲಿ ನಕಾಶೆಯ ತುದಿ ಹಿಡಿದು ನಿಂತಿದ್ದ ಹೈಸ್ಕೂಲಿನ ಸಿಪಾಯಿ ಸಮಾಧಾನ ಹೇಳಿದ: "ಊರು ಚಲೋನ ಇರಬೇಕ್ರಿ ಅವ್ವಾರ. ನಿಮಗಿಂತ ಮೊದಲ ಇಲಿ ಹೋಗಿ ಉಂಡು ಬಂದೈತಿ."

೨. ಸೆರಗು

ಪಾಸ್‌ಪೋರ್ಟಿಗೆ ಫೋಟೊ ಬೇಕು. ಕಿವಿ ಕಾಣಬೇಕು, ತಲೆಯ ಮೇಲಿನ ಸೆರಗು ಇಳಿಸಿರಿ ಎಂದ ಸ್ಟುಡಿಯೋದವನು. ಪರ ಗಂಡಸರ ಮುಂದೆ ಅವ್ವ ಎಂದೂ ಸೆರಗು ಇಳಿಸಿದವಳಲ್ಲ. ಆದರೆ ನಾಂತಿಗೆ ಹೋಗಬೇಕಲ್ಲ, ಒಂದು ದಾರಿ ಹುಡುಕಿದಳು.

"ಇಳಸ್ತೇನಿ. ನೀ ಹೊರಗ ನಿಂತು ತಗಿ."

"ನಾ ಹೊರಗ ನಿಂತ್ರ ಫೋಟೊ ಹೆಂಗ ತಗೀಲಿ ಅವ್ವಾರ?"

"ಅದು ನಿನ್ನ ಉದ್ಯೋಗ. ನನ್ನ ಏನ ಕೇಳ್ತಿ?"

ಕಡೆಗೆ ಅವನು ಕ್ಯಾಮೆರಾ ಹೊಂದಿಸಿಟ್ಟು ತನ್ನ ತಾಯಿಯನ್ನು ಕರೆದು, "ಈ ಗುಂಡಿ ಒತ್ತು" ಎಂದು ಹೇಳಿ ನನ್ನ ಜೊತೆ ಹೊರಗೆ ನಿಂತ. ಒಳಗೆ ಇಬ್ಬರು ಅವ್ವಂದಿರು ಮಾತಿಗೆ ಕೂತರು. ಮಾತಿನ ನಡುವೆ ಯಾವಾಗಲೋ ಗುಂಡಿ ಒತ್ತಿದ್ದಾರೆ. ಹಾಗಾಗಿ ಪಾಸ್‌ಪೋರ್ಟಿನೊಳಗೆ ಅವ್ವ ಇವತ್ತಿಗೂ ಬಾಯಿ ತೆರೆದು ಯಾರದೋ ಸೊಸೆಯ ಸುದ್ದಿ ಹೇಳುತ್ತಿದ್ದಾಳೆ.

೩. ತೊಡೆಯ ಮೇಲಿನ ಸೀಟು

ಐದು ವರ್ಷ ಕೂಡಿಟ್ಟೆವು. ಹುಬ್ಬಳ್ಳಿಯಲ್ಲಿ ವಿಮಾನದ ಟಿಕೀಟು ಮಾರುವವನೊಬ್ಬ ಎಲ್ಲಕ್ಕಿಂತ ಅಗ್ಗದ ದಾರಿ ಹುಡುಕಿಕೊಟ್ಟ. ಮುಂಬಯಿಯಲ್ಲಿ ಹತ್ತಬೇಕು, ನಡುವೆ ಅರಬರ ಊರೊಂದರಲ್ಲಿ ಇಳಿದು ಒಂದು ದಿನ ಕಾಯಬೇಕು, ಆಮೇಲೆ ಪ್ಯಾರಿಸ್, ಅಲ್ಲಿಂದ ರೈಲು.

"ಕಾಯೋಣಂತ. ಕುಳಗೇರಿ ಕ್ರಾಸಿನ್ಯಾಗ ಬಸ್ಸಿಗೆ ಕಾದವ್ರಿಗೆ ಇದೇನ ದೊಡ್ಡದು?" ಎಂದಳು ಅವ್ವ.

ಆದರೆ ಅಷ್ಟು ಅಗ್ಗದ ದಾರಿಗೂ ನಮ್ಮ ಗಂಟು ಒಂದೇ ಟಿಕೀಟಿಗೆ ಸಾಕಾಗುತ್ತಿತ್ತು. ಅವ್ವ ಒಬ್ಬಳೇ ಹೋಗುವಂತಿಲ್ಲ, ಅವಳನ್ನು ಬಿಟ್ಟು ನಾನು ಹೋಗಿ ಮಾಡುವುದೇನು? ಅವ್ವ ಯೋಚನೆ ಮಾಡಿ ಹೇಳಿದಳು: "ನೀ ಸೀಟಿನ ಮ್ಯಾಲ ಕುಂಡ್ರು, ನಾ ನಿನ್ನ ತೊಡಿ ಮ್ಯಾಲ ಕುಂಡ್ರತೇನಿ."

"ಅವ್ವಾ, ವಿಮಾನದಾಗ ಹಂಗ ನಡಿಯಾಂಗಿಲ್ಲ."

"ಯಾಕ ನಡಿಯಾಂಗಿಲ್ಲ? ಏಳು ವರ್ಷದವ ಆಗೂತನಾ ನನ್ನ ತೊಡಿ ಮ್ಯಾಲ ಪುಕ್ಕಟ ಬಾಗಲಕೋಟಿಗೆ ಬಂದಿಲ್ಲೇನು? ಅದನ್ನ ಈಗ ತೀರಸು!"

೪. ಊರು ಯಾವುದ್ರಿ?

ಬರುತ್ತೇವೆಂದು ಆ ಟೀಚರಿಗೆ ಮೊದಲೇ ಕಾಗದ ಬರೆದಿದ್ದೆ; ಈಗ ಬರಲಾಗುವುದಿಲ್ಲ ಎಂದು ತಿಳಿಸಬೇಕಿತ್ತು. ಕಾಗದದಲ್ಲಿ ಬರೆದರೆ ಮನಸ್ಸಿಗೆ ಹಚ್ಚಿಕೊಂಡಾಳು, ಬಾಯಿಂದಲೇ ಹೇಳೋಣ ಎಂದಳು ಅವ್ವ. ಟ್ರಂಕ್ ಕಾಲ್ ಬುಕ್ ಮಾಡಲು ಟೆಲಿಫೋನ್ ಆಫೀಸಿಗೆ ಹೋದೆವು.

"ಯಾವ ಊರ್ರಿ?" ಎಂದ ಆಪರೇಟರ್.

"ನಾಂತ್."

"ನೀವ ಅಂತ ಗೊತ್ತಾತ್ರಿ ಮಾಸ್ತರ. ಊರು ಯಾವುದು?"

"ಊರ ನಾಂತ್ ರೀ!"

"ಆತು ಬಿಡ್ರಿ. ಮಾತಾಡಾವ್ರು ಯಾರು?"

"ನಾ" ಎಂದು ಅವ್ವ ಮುಂದೆ ಬಂದಳು.

ಅವನು ಪೆನ್ನು ಕೆಳಗಿಟ್ಟ. "ಮಾತಾಡಾವ್ರು ನಾ, ಊರು ನಾ ಅಂತ. ನಿಮ್ಮ ಜೋಡಿ ನೀವ ಮಾತಾಡಾಕ ಟ್ರಂಕ್ ಕಾಲ್ ಯಾಕ್ರಿ?"

ಮರುದಿನ ಮಧ್ಯಾಹ್ನ ಲೈನು ಸಿಕ್ಕಿತು. ಮೂರು ನಿಮಿಷ. ರಿಸೀವರ್ ನನಗೆ ಸಿಗಲೇ ಇಲ್ಲ. "ಉಂಡೇನವಾ? ಸೊರಗಿಲ್ಲ ಹೌದಿಲ್ಲೋ? ಹೊಟ್ಟಿ ಸುದ್ದ ಐತೇನು?" ಎಂದು ಕೇಳಿ ಮುಗಿಸುವುದರೊಳಗೆ ಟೈಮು ಆಯಿತು. "ಆತವಾ, ಬರ್ತೇನಿ" ಎಂದು ಅವ್ವ ಇಟ್ಟುಬಿಟ್ಟಳು.

"ಬರಾಕ ಆಗಾಂಗಿಲ್ಲ ಅಂತ ಹೇಳಿದೇನು?"

"ಅಯ್ಯ, ಇಷ್ಟ ದಿನಕ್ಕ ಮಾತಾಡಿ ಕೆಟ್ಟ ಸುದ್ದಿ ಹೇಳ್ತಾರೇನು? ಅದನ್ನ ನೀ ಕಾಗದ ಬರಿ."

೫. ಬರ್ತೇನಿ

ತಡಮಾಡಿ ಬರೆದ ನನ್ನ ಕಾಗದ ಮುಟ್ಟುವ ಮೊದಲೇ ಅವಳದು ಬಂತು. ಅವ್ವ ತನ್ನ ಬಾಯಿಂದಲೇ "ಬರ್ತೇನಿ" ಅಂದಿದ್ದಳಲ್ಲ. ನೋಟ್‌ಬುಕ್ಕಿನಲ್ಲಿ ಅದರ ಅರ್ಥ ನಾನೇ ಬರೆಸಿದ್ದೆ. ಆ ಹುಡುಗಿ ಕೋಣೆಗೆ ಸುಣ್ಣ ಹೊಡೆಸಿ, ಎರಡು ಭಾನುವಾರ "ಅವ್ವ" ಎಂದು ಬರೆದ ರಟ್ಟು ಹಿಡಿದು ನಾಂತಿನ ಸ್ಟೇಷನ್ನಿನಲ್ಲಿ ನಿಂತಿದ್ದಳಂತೆ. ಓದಿ ಹೇಳಿದೆ. ಅವ್ವ ಆ ಹೊತ್ತು ರೊಟ್ಟಿ ಮುಟ್ಟಲಿಲ್ಲ.

ಚಳಿಗಾಲದಲ್ಲಿ ಅವಳೇ ಬಂದಳು. ಬಸ್ ಸ್ಟ್ಯಾಂಡಿನಲ್ಲಿ ಇಳಿದವಳೇ ಸೊಂಟದ ಮೇಲೆ ಕೈಯಿಟ್ಟು, "ಅವ್ವಾ! ಬರ್ತೇನಿ ಅಂದಿ. ಬರಲಿಲ್ಲ!" ಎಂದಳು.

"ಯವ್ವಾ, ನಮ್ಮಲ್ಲಿ ಹೋಗಾವ್ರು ಹೋಗ್ತೇನಿ ಅನಬಾರದು, ಅದು ಅಪಶಕುನ. ಅದಕ್ಕ ಬರ್ತೇನಿ ಅಂತೇವಿ" ಎಂದು ಅವ್ವ ಅವಳ ಗಲ್ಲ ಹಿಡಿದಳು. ನಾನು ಅದನ್ನು ಇಂಗ್ಲಿಷಿಗೆ ತಂದೆ. ಅವಳು ನೋಟ್‌ಬುಕ್ ತೆಗೆದು ಏನನ್ನೋ ಹೊಡೆದುಹಾಕಿ ತಿದ್ದಿಕೊಂಡಳು. ಆಗಲೇ ನಾನು ಇಣುಕಿ ನೋಡಬೇಕಿತ್ತು.

ಎಂಟು ದಿನ ಹೇಗೆ ಹೋದವೋ. ಹೊರಡುವ ದಿನ, ಅವ್ವ ಮೊದಲೇ ಇಳಕಲ್ಲಿನಲ್ಲಿ ಅವಳ ಎತ್ತರಕ್ಕೆಂದೇ ಅಗಲ ಹೆಚ್ಚಿಸಿ ನೇಯಿಸಿಟ್ಟ ಸೀರೆ ಉಟ್ಟು ಅವಳು ಬಸ್ಸು ಹತ್ತಿದಳು. ಕಿಟಕಿಯಿಂದ ನಗುತ್ತ ಕೈಬೀಸಿ ಕೂಗಿದಳು: "ಅವ್ವಾ, ಹೋಗ್ತೇನಿ!"

ಅವ್ವ ಓಡಿಹೋಗಿ ಬಸ್ಸಿನ ಮುಂದೆ ನಿಂತಳು. "ಇಳಸ್ರಿ ಅಕಿನ್ನ! ಬರ್ತೇನಿ ಅನ್ನೂತನಾ ಬಸ್ ಬಿಡಾಂಗಿಲ್ಲ!"

ಅವಳೂ ಜಗ್ಗಲಿಲ್ಲ. ಕಣ್ಣಲ್ಲಿ ನೀರು ತಂದುಕೊಂಡು ಹೇಳಿದಳು: "ಬರ್ತೇನಿ ಅಂದ್ರ ಬರಾಂಗಿಲ್ಲ. ನಾ ಖರೇನ ಬರ್ತೇನಿ. ಅದಕ್ಕ ಹೋಗ್ತೇನಿ!"

ಇಡೀ ಬಸ್ಸು ಎರಡು ಪಕ್ಷವಾಯಿತು. ಕಂಡಕ್ಟರ್ ತಲೆ ಚಚ್ಚಿಕೊಂಡ. "ಎರಡೂ ಕೂಡಿಸಿ ಹೋಗಿ ಬರ್ತೇನಿ ಅನ್ರಿ ಅಕ್ಕಾರ, ನನಗ ಲೇಟ್ ಆಗಾಕತ್ತೈತಿ!"

ಅವಳು ಹಾಗೇ ಅಂದಳು. ಬಸ್ಸು ಹೊರಟಿತು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ಮನೆಯ ಕಡೆ ತಿರುಗುತ್ತ, ರೂಢಿಯಂತೆ ಕೈಯೆತ್ತಿ ಕೂಗಿದಳು: "ಆತವಾ, ನಾನೂ ಬರ್ತೇನಿ ಹಂಗಾರ!"

ಕಿಟಕಿಯಿಂದ ಅವಳ ತಲೆ ಹೊರಗೆ ಬಂತು. ಧೂಳಿನೊಳಗಿಂದ ಅಚ್ಚ ಬಾದಾಮಿಯ ಕನ್ನಡ ಕೇಳಿಸಿತು:

"ಅವ್ವಾ! ಸುಳ್ಳ ಹೇಳಬ್ಯಾಡ!"