ಮಡಿಯೊಳಗೆ ನುಗ್ಗಿದ ಪ್ರೀತಿ

ಮುಳಬಾಗಿಲಿನ ಅಕೌಂಟೆಂಟ್ ನಂದಕಿಶೋರ್ ಮಕ್ಕಳ ಪಾಲನೆಯ ಶಿಬಿರವೊಂದನ್ನು ಮುಗಿಸಿ ಕೋಲಾರದಿಂದ ಬಂದವನೇ, ಚಪ್ಪಲಿ ಬಿಡುವ ಮೊದಲೇ ಘೋಷಿಸಿಬಿಟ್ಟ.

"ಇವತ್ತಿಂದ ಈ ಮನೇಲಿ ಬೈಗುಳ ಬಂದ್, ಏಟು ಬಂದ್! ಮಗು ಬೇಡ ಅಂದ್ರೆ ಬಲವಂತ ಇಲ್ಲ. ಯಾರಿಗೇ ಅಳು ಬರಲಿ, ಕೋಪ ಬರಲಿ, ಹತ್ತಿರ ಇದ್ದೋರು ಹೋಗಿ ತಬ್ಕೋಬೇಕು!"

"ಹಾಲಿನವನಿಗೆ ಕೋಪ ಬಂದ್ರೂನಾ?" ಎಂದಳು ಹೆಂಡತಿ ಪ್ರಿಯಂವದಾ.

ನಂದಕಿಶೋರ್ ನಗಲಿಲ್ಲ. ಅವನಿಗಿದು ತಮಾಷೆಯ ವಿಷಯವೇ ಅಲ್ಲ. ಅವನಪ್ಪ ಬೀದಿ ಬಾಗಿಲಲ್ಲಿ ಕೆಮ್ಮಿದರೆ ಸಾಕು, ಬಾಲಕ ನಂದು ಹಿತ್ತಿಲಲ್ಲಿ ಮಾಯ! ತನ್ನ ಮಗ, ನಾಲ್ಕು ವರ್ಷದ ವಂಶಿ, ತನ್ನನ್ನು ಕಂಡು ಹಾಗೆ ಓಡಬಾರದು. ಅವನ ಆಸೆ ಇದೊಂದೇ.

ಹೊಸ ಕಾನೂನನ್ನು ಎಲ್ಲರಿಗಿಂತ ನಿಷ್ಠೆಯಿಂದ ಪಾಲಿಸಿದವನು ವಂಶಿಯೇ. ನಲ್ಲಿಯ ಹತ್ತಿರ ಬಿಂದಿಗೆ ಎತ್ತಿಕೊಂಡು ಜಗಳಕ್ಕೆ ನಿಂತಿದ್ದ ಎದುರುಮನೆ ಶಾಮಲಮ್ಮನನ್ನೂ ತಬ್ಬಿ, ಜಗಳವನ್ನೇ ನಿಲ್ಲಿಸಿಬಿಟ್ಟ! ನಂದಕಿಶೋರ್ ಬೀದಿಯುದ್ದಕ್ಕೂ ಎದೆಯುಬ್ಬಿಸಿ ನಡೆದ.

ಹೀಗಿರುವಾಗ ಬಂತು ಅಪ್ಪನ ತಿಥಿ. ಸ್ನಾನ ಮಾಡಿ ಮಡಿಯುಟ್ಟವರನ್ನು ಮಡಿಯಲ್ಲದವರು ಮುಟ್ಟಿದರೆ ಮುಗಿಯಿತು, ಮತ್ತೆ ತಲೆಗೆ ನೀರು! ನಲ್ಲಿಯಲ್ಲಿ ನೀರು ಬಂದು ವಾರವಾಗಿತ್ತು. ಹಿತ್ತಿಲ ತೊಟ್ಟಿಯಲ್ಲಿ ಇದ್ದದ್ದೇ ಗತಿ.

ವಡೆ ಕರಿಯುತ್ತಿದ್ದ ಪ್ರಿಯಂವದಾಳ ಕೈಗೆ ಎಣ್ಣೆ ಸಿಡಿಯಿತು. "ಅಮ್ಮಾ!" ಎಂದಳಷ್ಟೆ. ಹಜಾರದಲ್ಲಿ ಆಡುತ್ತಿದ್ದ ವಂಶಿ ತನ್ನ ಹುಲಿ ಚಿತ್ರದ ಅಂಗಿಯಲ್ಲೇ ಓಡಿಬಂದು ತಾಯಿಯನ್ನು ತಬ್ಬಿದ.

"ಅಯ್ಯೋ, ಮಡಿ ಕೆಡಿಸ್ದಲ್ಲೋ!" ಪ್ರಿಯಂವದಾ ಬಚ್ಚಲಿಗೆ ನಡೆದಳು.

"ಏಮಿರಾ ಇದು! ತಿಥಿ ದಿವಸ ಹಿಂಗಾ ಮಾಡೋದು?" ಅಜ್ಜಿ ಕೃಷ್ಣಮ್ಮ ಸೌಟು ಎತ್ತಿದರು. ಅಜ್ಜಿಗೆ ಕೋಪ! ವಂಶಿ ಅಜ್ಜಿಯನ್ನೂ ತಬ್ಬಿದ. ಕೃಷ್ಣಮ್ಮನೂ ಬಚ್ಚಲಿಗೆ!

ಅಷ್ಟರಲ್ಲಿ ಪುರೋಹಿತ ನರಸಿಂಹ ಶಾಸ್ತ್ರಿಗಳು ಹಿತ್ತಿಲಲ್ಲಿ ಸ್ನಾನ ಮುಗಿಸಿ ಒಳಗೆ ಬಂದರು. "ಹೊತ್ತು ಮೀರ್ತಾ ಇದೆ ಕಣಯ್ಯಾ! ಅಡುಗೆಮನೇಲಿ ಯಾರೂ ಇಲ್ವಲ್ಲ! ಇದೇನು ತಿಥೀನೋ ಹುಡುಗಾಟಾನೋ?" ಎಂದು ಗುಡುಗಿದರು. ಗುಡುಗು ಮುಗಿಯುವ ಮೊದಲೇ ವಂಶಿ, ಹೊಟ್ಟೆಯ ತನಕ ಕೈ ಎಟುಕದೆ, ಅವರ ಮೊಣಕಾಲನ್ನೇ ಭದ್ರವಾಗಿ ತಬ್ಬಿ ನಿಂತಿದ್ದ.

ಶಾಸ್ತ್ರಿಗಳದು ಧಾರಾಳವಾದ ದೇಹ. ನೀರೂ ಧಾರಾಳವಾಗಿಯೇ ಹಿಡಿಯಿತು.

ನಂದಕಿಶೋರ್ ತೊಟ್ಟಿಗೆ ಇಣುಕಿದ. ತಳದಲ್ಲಿ ಬರೀ ಒಂದು ಬಕೆಟ್ ನೀರು! ಇನ್ನೊಬ್ಬರ ಮಡಿ ಕೆಟ್ಟರೆ ಅಪ್ಪನ ತಿಥಿ ನಿಂತಂತೆಯೇ. ಒದ್ದೆ ಪಂಚೆಯಲ್ಲಿ ನಿಂತವನ ಗಂಟಲಿನಿಂದ ಸಾಕ್ಷಾತ್ ಅಪ್ಪನ ದನಿಯೇ ಹೊರಬಿತ್ತು.

"ಲೇ ವಂಶೀ! ನಿಂತ್ಕೊಳ್ಳೋ ಅಲ್ಲೇ! ಚರ್ಮ ಸುಲಿದ್ಬಿಡ್ತೀನಿ!"

ಕೈಯೂ ಮೇಲೆದ್ದಿತ್ತು. ಅದೇ ದನಿ, ಅದೇ ಕೈ. ಇನ್ನು ಮಗ ಹಿತ್ತಿಲಿಗೆ ಓಡುವುದೊಂದು ಬಾಕಿ!

ವಂಶಿ ಓಡಿದ. ಅಪ್ಪನ ಕಡೆಗೇ ಓಡಿದ. "ಅಪ್ಪಂಗೆ ತುಂಬಾ ಕೋಪ ಬಂದಿದೆ," ಎನ್ನುತ್ತಾ ಒದ್ದೆ ಪಂಚೆಗೆ ಮುಖವೊತ್ತಿ ತಬ್ಬಿಕೊಂಡ.

ಮಡಿ ಹೋಯಿತು. ಎತ್ತಿದ ಕೈ ಮೆಲ್ಲನೆ ಮಗನ ತಲೆಯ ಮೇಲೆ ಇಳಿಯಿತು. ಅಷ್ಟು ಜನರೆದುರಿಗೆ ನಂದಕಿಶೋರ್ ಕಣ್ಣೊರೆಸಿಕೊಂಡ.

ಕೃಷ್ಣಮ್ಮ ಮಡಿಬಟ್ಟೆಯ ಪೆಟ್ಟಿಗೆಯಿಂದ ಹಳೆಯ ಕೆಂಪು ರೇಷ್ಮೆಯ ತುಂಡೊಂದನ್ನು ತೆಗೆದರು. "ಆ ಒಂದು ಬಕೆಟ್ ನೀರು ಅಪ್ಪ ಮಗ ಇಬ್ರೂ ಹುಯ್ಕೊಳ್ಳಿ. ಇವನಿಗೆ ಈ ಪಟ್ಟೆ ಸುತ್ತು. ಸ್ನಾನ ಮಾಡಿ ಪಟ್ಟೆ ಉಟ್ರೆ ಮಗೂನೂ ಮಡೀನೇ ಕಣೋ, ಆಮೇಲೆ ಯಾರನ್ನ ಬೇಕಾದ್ರೂ ತಬ್ಕೊಳ್ಳಲಿ. ನೀನೂ ಇದನ್ನೇ ಸುತ್ಕೊಂಡು ನಿಮ್ಮಪ್ಪನ ತೊಡೆ ಮೇಲೆ ಕೂತಿರ್ತಿದ್ದೆ, ಪೂಜೆ ಮುಗಿಯೋವರ್ಗೂ. ಇಳಿಸಿದ್ರೆ ಅಳ್ತಿದ್ದೆ."

ಅಪ್ಪನ ತೊಡೆ! ನಂದಕಿಶೋರ್ ಆ ತುಂಡನ್ನು ಕೈಯಲ್ಲಿ ಹಿಡಿದು ಬೆಪ್ಪಾಗಿ ನಿಂತ. ಆಮೇಲೆ ತಟ್ಟನೆ ಹೊಳೆಯಿತು.

"ಅಮ್ಮಾ! ಮತ್ತೆ ಇದನ್ನ ಬೆಳಿಗ್ಗೇನೇ ಉಡಿಸೋಕೆ ಏನಾಗಿತ್ತು ನಿನಗೆ?"

"ಉಡಿಸೋಕೆ ಹೋದೆ ನಾಯನಾ," ಎಂದರು ಕೃಷ್ಣಮ್ಮ. "ಇದು ಬೇಡ, ಹುಲಿ ಅಂಗೀನೇ ಬೇಕು ಅಂದ. ಮಗು ಬೇಡ ಅಂದ್ರೆ ಬಲವಂತ ಇಲ್ಲ ಅಂತ ಶಿಬಿರಕ್ಕೆ ಹೋಗಿ ಬಂದೋರು ಹೇಳಿದ್ರಲ್ಲ! ಸುಮ್ಮನಾದೆ."