ಅಮ್ಮನ ಹಲ್ಲುನೋವು ಮತ್ತು ‘ಏನಿಲ್ಲಮ್ಮ’

ನಮ್ಮ ಮನೆಯಲ್ಲಿ ಯಾರಿಗೆ ಹಲ್ಲುನೋವು ಬಂದರೂ ಅದು ಭಾನುವಾರವೇ ಬರುತ್ತದೆ, ಬಂದವರು ಅದನ್ನು ಒಪ್ಪಿಕೊಳ್ಳುವುದೂ ಇಲ್ಲ. ಈ ಎರಡನೆಯ ಕಾಯಿಲೆ ಅಮ್ಮನ ಕಡೆಯಿಂದ ಬಂದದ್ದು. ಅವಳು ಮೈಸೂರಿನಿಂದ ಕೊಚ್ಚಿಯ ಕಾಕ್ಕನಾಡಿನ ನಮ್ಮ ಫ್ಲ್ಯಾಟಿಗೆ ಬಂದ ವಾರದಲ್ಲೇ ಬಲಗೆನ್ನೆ ಊದಿತು.

ಮೊದಲ ಸಲ

ಸರ್ಕಾರಿ ಹಲ್ಲಿನ ಆಸ್ಪತ್ರೆಯ ಸಾಲು ಬೆಳಗ್ಗೆಯೇ ಮೆಟ್ಟಿಲಿಳಿದಿತ್ತು. ಅಷ್ಟು ಜನ ಸೇರಿಯೂ ಅಷ್ಟು ಮೌನವಾಗಿರುವ ಜಾಗವನ್ನು ನಾನು ಕೇರಳದಲ್ಲಿ ಬೇರೆಲ್ಲೂ ಕಂಡಿಲ್ಲ. ತಡೆಯಲಾರದ ನೋವಿದ್ದವರನ್ನು ನರ್ಸ್ ಆರಿಸಿ ಮುಂದೆ ಕಳಿಸುತ್ತಿದ್ದರು. ಅಮ್ಮನ ಬಳಿ ಬಂದು, “ವೇದನ ಉಂಡೋ ಅಮ್ಮೇ?” ಎಂದು ಮಲಯಾಳದಲ್ಲಿ ನೋವಿದೆಯಾ ಅಂತ ಕೇಳಿದರು.

ಅಮ್ಮ ಸೆರಗು ಸರಿಮಾಡಿಕೊಂಡು ನಕ್ಕಳು. “ಏನಿಲ್ಲಮ್ಮ. ನಿಮ್ಮದು ತಿಂಡಿ ಆಯ್ತಾ?”

ಆ ನಗು ನೋಡಿದ ಮೇಲೆ ನರ್ಸಿಗೆ ಕನ್ನಡ ಬೇಕಾಗಲಿಲ್ಲ. ಎರಡು ವಾರ ಬಿಟ್ಟು ಬರಲು ಹೇಳಿದರು. ಮನೆಗೆ ಬಂದವಳೇ ಲವಂಗ ಕಚ್ಚಿಕೊಂಡು ಅತ್ತಳು. ನನಗೆ ಸಿಟ್ಟು ನೆತ್ತಿಗೇರಿತು. “ನೋವಿದೆ ಅಂತ ಹೇಳಕ್ಕೇನಾಗಿತ್ತಮ್ಮ?”

“ಗುರುತಿಲ್ಲದೋರ ಮುಂದೆ ಕಷ್ಟ ಹೇಳ್ಕೋತಾರೇನೋ?”

ಅಲ್ಲಿಗೆ, ನರ್ಸು ಗುರುತಾಗುವವರೆಗೂ ಕಾಯಬೇಕಾಯಿತು.

ಎರಡನೆಯ ಸಲ

ಎರಡೇ ದಿನಕ್ಕೆ ಬಾವು ಕಣ್ಣಿನ ಕೆಳಗೆ ಬಂತು, ಜ್ವರವೂ ಬಂತು. ನನಗೆ ನಿಜವಾಗಿ ಹೆದರಿಕೆಯಾಯಿತು. ಆಟೋದಲ್ಲಿ ದಾರಿಯುದ್ದಕ್ಕೂ ಪಾಠ ಹೇಳಿದೆ: “ಯಾರೇ ಕೇಳಲಿ, ಅಯ್ಯೋ ಅನ್ನು.” ಅದರ ಅಗತ್ಯವೇ ಬೀಳಲಿಲ್ಲ. ಮುಖ ನೋಡಿಯೇ ನರ್ಸ್ ಬಾಗಿಲ ಬಳಿ ಕೂರಿಸಿದರು.

ಅಮ್ಮ ಹಿಂತಿರುಗಿ ನೋಡಿದಳು. ನರಳುತ್ತಿದ್ದ ಅಜ್ಜನೊಬ್ಬನನ್ನು ಕಂಡು, “ಪಾಪ, ಇವ್ರು ಹೋಗ್ಲಿ” ಎಂದು ಎದ್ದಳು. ಆಮೇಲೆ ಒಬ್ಬ ಬಸುರಿ, ಅವಳ ಹಿಂದೆ ಅಳುವ ಮಗು. ನಾನು ಮಾತ್ರೆ ತರಲು ಹೋಗಿದ್ದೆ. ಮರಳಿ ಬಂದಾಗ ಅಮ್ಮ ಸಾಲಿನಲ್ಲಿ ಮೊದಲನೆಯವಳಾಗಿದ್ದಳು, ಡಾಕ್ಟರ ಹೊತ್ತು ಮುಗಿದು ಬಾಗಿಲು ಮುಚ್ಚಿತ್ತು.

ಮೂರನೆಯ ಸಲ

ಮಾರನೆಯ ಬೆಳಗ್ಗೆ ನಾಲ್ಕನೇ ಕ್ಲಾಸಿನ ಮಗಳೂ ಹಟ ಹಿಡಿದು ಜೊತೆಗೆ ಬಂದಳು. ಕೊಚ್ಚಿಯಲ್ಲೇ ಬೆಳೆದವಳು, ನಾವು ಕನ್ನಡದಲ್ಲಿ ಏನು ಕೇಳಿದರೂ ಉತ್ತರ ಮಲಯಾಳದಲ್ಲೇ. ಒಳಗೆ ಡಾಕ್ಟರಮ್ಮ ನೋವು ಎಷ್ಟಿದೆ ಎಂದು ಕೇಳಿದರು. ಅಮ್ಮ ಊದಿದ ತುಟಿಯಲ್ಲೇ ನಕ್ಕು, “ಏನಿಲ್ಲಮ್ಮ” ಎಂದಳು.

ಮಗಳು ಮುಂದೆ ಬಂದು ಮಲಯಾಳದಲ್ಲಿ ಒಂದೇ ಉಸಿರಿಗೆ ಹೇಳಿಬಿಟ್ಟಳು: ಅಜ್ಜಿ ಸುಳ್ಳು ಹೇಳ್ತಾಳೆ, ಗಂಜಿನೂ ಕುಡಿದಿಲ್ಲ, ಮುಸುಕು ಹಾಕ್ಕೊಂಡು ಅಳ್ತಾಳೆ.

“ಏನಂದ್ಯೇ ನನ್ನ ಬಗ್ಗೆ?” ಎಂದಳು ಅಮ್ಮ.

“ನಿಂಗೆ ನೋವಿದೆ ಅಂದೆ.” ಕನ್ನಡದಲ್ಲಿ ಅಂದಳು.

ಡಾಕ್ಟರಮ್ಮ ಕೀವು ತೆಗೆದು ಹಲ್ಲು ಕಿತ್ತರು. ಇನ್ನೂ ತಡಮಾಡಿದ್ದರೆ ಕಷ್ಟವಿತ್ತು ಎಂದು ನನ್ನನ್ನೇ ಗದರಿದರು. ಆಮೇಲೆ ಅಮ್ಮನ ಕಡೆ ಬಾಗಿ, ಈಗ ನೋವಿದೆಯಾ ಎಂದು ಕೇಳಿದರು.

ಅಮ್ಮ ಅಭ್ಯಾಸಬಲದಿಂದ ಬಾಯಿ ತೆರೆಯಹೋದಳು. ಬಾಯಿ ತುಂಬ ಹತ್ತಿ, ಕಚ್ಚಿ ಹಿಡಿದಿರಬೇಕೆಂದು ಅಪ್ಪಣೆ ಬೇರೆ. ಎದುರಿಗೆ ಮೊಮ್ಮಗಳು ನಿಂತಿದ್ದಳು. ಬೇರೆ ದಾರಿಯೇ ಇಲ್ಲದೆ ನಮ್ಮಮ್ಮ, ಗುರುತಿಲ್ಲದವರ ಮುಂದೆ, ಹೌದೆಂದು ತಲೆಯಾಡಿಸಿದಳು.